ಒಂದು ಸೈಕಲ್, ಮೂರು ಸ್ಪ್ರಿಂಗ್: ಮಗನೂ ನಾನೂ ಮೂರು ವರ್ಷ ಹಂಚಿಕೊಂಡ ಹಳೇ ಡೌನ್‌ಹಿಲ್ ಸೈಕಲ್

ಮೊದಲೇ ಹೇಳಿಬಿಡುತ್ತೇನೆ. ಗುಡ್ಡದ ಮೇಲಿಂದ ಕಡಿದಾದ ದಾರಿಯಲ್ಲಿ ಇಳಿಯಲೆಂದೇ ಮಾಡಿದ ಈ ಡೌನ್‌ಹಿಲ್ ಸೈಕಲ್ ಮೇಲೆ ನನಗಿರುವ ಸಿಟ್ಟೆಲ್ಲ ಒಂದೇ ಒಂದು ಬೋಲ್ಟಿನದು. ಹಿಂದಿನ ಶಾಕ್‌ನ, ಅಂದರೆ ಚಕ್ರಕ್ಕೆ ಬೀಳುವ ಏಟು ತಡೆಯುವ ಭಾಗದ, ಕೆಳತುದಿಯನ್ನು ಹಿಡಿದಿರುವ ಬೋಲ್ಟ್ ಅದು. ಹಿಂದಿನ ಚಕ್ರವನ್ನು ಶಾಕ್‌ಗೆ ಜೋಡಿಸುವ ಲಿಂಕೇಜಿನ ಸಂದಿಯಲ್ಲಿ ಅಡಗಿ ಕೂತಿದೆ. ಅಲೆನ್ ಕೀ ತೂರಿಸಿದರೆ ಒಂದು ಸಲಕ್ಕೆ ಕಾಲು ಸುತ್ತು ತಿರುಗುತ್ತದೆ, ಅಷ್ಟೇ. ತೆಗಿ, ಮತ್ತೆ ತೂರಿಸು, ಮತ್ತೆ ಕಾಲು ಸುತ್ತು. ಮೂರು ವರ್ಷದಲ್ಲಿ ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ಬಲಗೈ ಹೆಬ್ಬೆರಳಿನ ಪಕ್ಕ ಜಡ್ಡುಗಟ್ಟಿದೆ, ಅದೇ ಲೆಕ್ಕ.

ಕೊಂಡಾಗ ಮಗನಿಗೆ 13 ವರ್ಷ. ಎತ್ತರ 158 ಸೆಂ.ಮೀ., ತೂಕ 46 ಕೆಜಿ. ನಾನು 163 ಸೆಂ.ಮೀ., 62 ಕೆಜಿ. ಎರಡು ಡೌನ್‌ಹಿಲ್ ಸೈಕಲ್ ಕೊಳ್ಳುವ ಮಾತೇ ಇರಲಿಲ್ಲ. ನಮ್ಮ ದುಡ್ಡಿಗೆ ಒಂದು ಹೊಸದೂ ಬರುತ್ತಿರಲಿಲ್ಲ. ಎತ್ತರದಲ್ಲಿ ಐದೇ ಸೆಂಟಿಮೀಟರ್ ವ್ಯತ್ಯಾಸ, ಮೀಡಿಯಂ ಸೈಜಿನ ಸೆಕೆಂಡ್ ಹ್ಯಾಂಡ್ ಒಂದು ಸಾಕು ಅಂತ ತೀರ್ಮಾನ ಮಾಡಿದೆ. ಎತ್ತರದ ವಿಷಯದಲ್ಲಿ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಡೌನ್‌ಹಿಲ್‌ನಲ್ಲಿ ಸೀಟಿನ ಮೇಲೆ ಕೂರುವುದೇ ಇಲ್ಲ. ಸೀಟು ತಳಮಟ್ಟದಲ್ಲಿರುತ್ತದೆ, ಮೇಲಿಂದ ಕೆಳಗಿನವರೆಗೂ ಪೆಡಲ್ ಮೇಲೆ ನಿಂತೇ ಇಳಿಯುವುದು. ಹಾಗಾಗಿ ಕಾಲಿನ ಉದ್ದಕ್ಕಿಂತ ಮುಖ್ಯ, ನಿಂತಾಗ ಹ್ಯಾಂಡಲ್ ಎಷ್ಟು ದೂರ ಅನ್ನೋದು. ಅದು ಇಬ್ಬರಿಗೂ ಹೊಂದಿತು.

ತೂಕದ ಬಗ್ಗೆ ಯೋಚಿಸಲೇ ಇಲ್ಲ ನೋಡಿ.

200 ಮಿ.ಮೀ. ಟ್ರಾವೆಲ್ (ಏಟು ಬಿದ್ದಾಗ ಚಕ್ರ ಮೇಲಕ್ಕೆ ಸರಿಯಬಲ್ಲ ದೂರ), ಮುಂದಿನ ಚಕ್ರ ಹಿಡಿಯುವ ಎರಡು ಕ್ರೌನಿನ ಫೋರ್ಕ್, ಏಳು ಗೇರು. ಇದೆಲ್ಲ ಜಾಹೀರಾತಿನಲ್ಲೇ ಇರುತ್ತದೆ, ಬಿಡಿ. ಕಂಪನಿ ಹೆಸರು ಹೇಳುವುದಿಲ್ಲ. ಶಾಕ್ ಹೀಗೆ ಹುದುಗಿರುವ ಫ್ರೇಮ್ ಇದೊಂದೇ ಅಲ್ಲ. ಚಕ್ರದ ಬಗ್ಗೆ ಮಾತ್ರ ಒಂದು ಮಾತು. 2017ರಲ್ಲಿ ವರ್ಲ್ಡ್ ಕಪ್ ಡೌನ್‌ಹಿಲ್‌ಗೆ 29 ಇಂಚಿನ ಚಕ್ರ ಕಾಲಿಟ್ಟಿತು. ಅದಕ್ಕೂ ಹಿಂದಿನ 27.5 ಇಂಚಿನ ಸೈಕಲ್ ನಮ್ಮದು. ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ. ನನ್ನ ಎತ್ತರದವರಿಗೆ ಹಿಂದೆ ದೊಡ್ಡ ಚಕ್ರ ಇದ್ದರೆ, ಕಡಿದಾದ ಕಡೆ ಮೈ ಹಿಂದಕ್ಕೆ ಹಾಕಿದಾಗ ಟೈರು ಎಲ್ಲಿ ಉಜ್ಜುತ್ತದೆ ಅಂತ ಉಜ್ಜಿಸಿಕೊಂಡವರಿಗೇ ಗೊತ್ತು.

ಈಗ ಸ್ಪ್ರಿಂಗಿನ ಕಥೆ. ಮುಂದಿನ ಫೋರ್ಕ್ ಗಾಳಿಯದು. ಶಾಕ್ ಪಂಪು ಹಾಕಿ ನನಗೆ 50 ಪಿಎಸ್ಐ (ಗಾಳಿಯ ಒತ್ತಡದ ಅಳತೆ), ಅವನಿಗೆ 42. ಒಂದು ನಿಮಿಷದ ಕೆಲಸ. (ಪಂಪು ಬಿಚ್ಚುವಾಗ ಬರುವ ಆ ಬುಸ್ ಸದ್ದಿಗೆ ಹೆದರಬೇಡಿ. ಅದು ಪೈಪಿನಲ್ಲಿ ಉಳಿದ ಗಾಳಿ, ಫೋರ್ಕಿನದಲ್ಲ. ಮೊದಲ ಒಂದು ತಿಂಗಳು ನಾನು ಸುಮ್ನೆ ಎರಡೆರಡು ಪಿಎಸ್ಐ ಜಾಸ್ತಿ ತುಂಬಿಸುತ್ತಿದ್ದೆ.) ಹಿಂದಿನದು ಕಾಯಿಲ್ ಶಾಕ್, ಅಂದರೆ ಗಾಳಿಯ ಬದಲು ಸುರುಳಿ ಸ್ಪ್ರಿಂಗ್ ಇರುವುದು. ಅದರ ಸ್ಪ್ರಿಂಗಿನ ಮೇಲೆ 300 x 3.0 ಅಂತ ಬರೆದಿತ್ತು. ಒಂದು ಇಂಚು ಅದುಮಲು 300 ಪೌಂಡ್ ಭಾರ ಬೇಕು, ಒಟ್ಟು ಮೂರು ಇಂಚು ಅದುಮಬಹುದು ಅಂತ ಅರ್ಥ. ಇದನ್ನು ಪಂಪು ಹಾಕಿ ಬದಲಿಸಲಾಗುವುದಿಲ್ಲ. ಸ್ಪ್ರಿಂಗನ್ನೇ ಬದಲಿಸಬೇಕು.

ಹೆಲ್ಮೆಟ್, ಗಾರ್ಡು ಎಲ್ಲ ಹಾಕಿಕೊಂಡು ಪೆಡಲ್ ಮೇಲೆ ನಿಂತಾಗ ಹಿಂಭಾಗ ತನ್ನ ಟ್ರಾವೆಲಿನ ಸುಮಾರು 30 ಶೇಕಡಾ ಕುಸಿಯಬೇಕು. ನಮ್ಮ ಶಾಕ್‌ನಲ್ಲಿ ಅಂದರೆ 23 ಮಿ.ಮೀ. ಆಸುಪಾಸು. ಟೇಪು ಹಿಡಿದು ಅಳೆದೆವು. ನಾನು ನಿಂತಾಗ 21. ಮಗ ನಿಂತಾಗ 16. ಐದು ಮಿಲಿಮೀಟರ್ ಅಂದರೆ ಏನು ಮಹಾ ಅಂದುಕೊಂಡೆ. ಮೊದಲ ಇಳಿತ ಮುಗಿಸಿ ಬಂದವನು ಗ್ಲೌಸು ತೆಗೆದು ಕೈ ಒದರಿದ. "ಅಮ್ಮ, ಇದು ಸೈಕಲ್ ಅಲ್ಲ, ಕಲ್ಲು ಕುಟ್ಟೋ ಮೆಷಿನ್ನು" ಅಂದ. ಮುಂದಿನ ವಾರವೇ 250ರ ಸ್ಪ್ರಿಂಗ್ ತರಿಸಿದೆ.

ಅಲ್ಲಿಂದ ಶುರು. ಅವನ ಸರದಿಗೆ 250, ನನ್ನ ಸರದಿಗೆ 300. ಪ್ರತಿ ಸಲ ಆ ಬೋಲ್ಟ್ ಬಿಚ್ಚಬೇಕು, ಶಾಕನ್ನು ಫ್ರೇಮಿನ ಹೊಟ್ಟೆಯಿಂದ ಹೊರಗೆ ಎಳೆಯಬೇಕು, ಸ್ಪ್ರಿಂಗನ್ನು ಒತ್ತಿ ಹಿಡಿಯುವ ತಿರುಪು ಬಳೆ, ಅಂದರೆ ಕಾಲರ್, ಸಡಿಲಿಸಬೇಕು, ಸ್ಪ್ರಿಂಗನ್ನು ತಡೆದು ಹಿಡಿಯುವ ಕ್ಲಿಪ್ಪು ತೆಗೆಯಬೇಕು. ಆ ಕ್ಲಿಪ್ಪು ಮಣ್ಣಲ್ಲಿ ಬಿದ್ದರೆ ಇಬ್ಬರೂ ಮಂಡಿಯೂರಿ ಹುಡುಕಬೇಕು. ಚೆನ್ನಾಗಿ ಕೈ ಪಳಗಿದ ಮೇಲೂ ಇಪ್ಪತ್ತು ನಿಮಿಷ. ಕೊನೆಗೆ ಬೆಳಿಗ್ಗೆ ಅವನು, ಮಧ್ಯಾಹ್ನ ನಾನು ಅಂತ ಒಪ್ಪಂದ ಆಯಿತು. ದಿನಕ್ಕೆ ಒಂದೇ ಸಲ ಬಿಚ್ಚಿದರೆ ಸಾಕು.

ಶಾಕ್ ಮೇಲಿನ ಕಾಲರ್ ಬಿಗಿ ಮಾಡಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಕಾಲರ್ ಬಿಗಿ ಮಾಡಿದರೆ ಸೈಕಲ್ ಹಿಂಭಾಗ ಸ್ವಲ್ಪ ಎತ್ತರದಲ್ಲಿ ನಿಲ್ಲುತ್ತದೆ, ಸ್ಪ್ರಿಂಗಿನ ಗಡಸುತನ ಮಾತ್ರ ಇದ್ದಷ್ಟೇ ಇರುತ್ತದೆ. ಎರಡು ಸುತ್ತಿಗಿಂತ ಜಾಸ್ತಿ ತಿರುಗಿಸಬೇಕಾಗಿ ಬಂದರೆ ಸ್ಪ್ರಿಂಗೇ ತಪ್ಪು. ನಮಗೆ ಸೈಕಲ್ ಮಾರಿದವರು ನಾಲ್ಕು ಸುತ್ತು ತಿರುಗಿಸಿಟ್ಟಿದ್ದರು. ಅದನ್ನು ನೋಡಿದಾಗಲೇ ನನಗೆ ಅರ್ಥವಾಗಬೇಕಿತ್ತು: ಅವರಿಗೂ ಆ ಬೋಲ್ಟ್ ಬಿಚ್ಚುವುದು ಬೇಡವಾಗಿತ್ತು.

ಕೊಳ್ಳುವಾಗ ಉಳಿದದ್ದನ್ನೆಲ್ಲ ಹುಷಾರಾಗಿಯೇ ನೋಡಿದ್ದೆ. ಟಾರ್ಚ್ ಹಿಡಿದು ಹೆಡ್ ಟ್ಯೂಬ್, ಪೆಡಲ್ ಕೂರುವ ಕಡೆಯ ಬೆಸುಗೆ, ಚೈನ್ ಸ್ಟೇ ಎಲ್ಲ ಕಡೆ ಬಿರುಕಿಗೆ ಹುಡುಕಿದೆ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೂ ಅನುಮಾನ ಪಡಬೇಕು. ಫೋರ್ಕಿನ ಹೊಳೆಯುವ ಕಾಲುಗಳ ಮೇಲೆ ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸೀಟು ಹಿಡಿದು ಮೇಲೆತ್ತಿ ಲಟಕ್ ಅನ್ನುತ್ತದೆಯಾ ಅಂತ ಕೇಳಿದೆ. ಅನ್ನಲಿಲ್ಲ. ಆದರೂ ಒಂದು ತಿಂಗಳಲ್ಲಿ ಅನ್ನತೊಡಗಿತು, ಶಾಕ್‌ನ ಬುಷ್ ಸವೆದಿತ್ತು. ಹಳೇ ಸೈಕಲ್ ಅಂದಮೇಲೆ ಅಷ್ಟು ಇದ್ದದ್ದೇ. ಹೆಲ್ಮೆಟ್ ಮಾತ್ರ ಇಬ್ಬರಿಗೂ ಬೇರೆ ಬೇರೆ, ಇಬ್ಬರಿಗೂ ಹೊಸದು. ಹಳೇ ಹೆಲ್ಮೆಟ್ ಒಮ್ಮೆ ಏಟು ತಿಂದಿದ್ದರೆ ಒಳಗಿನ ಫೋಮ್ ಜಜ್ಜಿಹೋಗಿರುತ್ತದೆ, ಹೊರಗೆ ಏನೂ ಕಾಣದೇ ಇರಬಹುದು. ಅಲ್ಲಿ ಚೌಕಾಸಿ ಬೇಡ.

ಒಂದು ಪೆದ್ದುತನ ಬೇರೆ ಮಾಡಿದೆ. ಹಿಂದಿನ ಚಕ್ರದ ರಿಮ್ ಬಗ್ಗಿದ ದಿನ, ಕಾಡುದಾರಿಗೆ ಇಟ್ಟುಕೊಂಡಿರುವ ನನ್ನ ಟ್ರೇಲ್ ಸೈಕಲಿನ ಚಕ್ರ ಬಿಚ್ಚಿ ತಂದೆ. ಅದರ ಹಬ್ಬಿನ, ಅಂದರೆ ಚಕ್ರದ ನಡುವಿನ ಭಾಗದ, ಅಗಲ 148 ಮಿ.ಮೀ., ಇದಕ್ಕೆ ಬೇಕಾದದ್ದು 157. ಒಂಬತ್ತು ಮಿಲಿಮೀಟರ್ ಸಂದಿಯಲ್ಲಿ ಚಕ್ರ ಅಲ್ಲಾಡುತ್ತಿತ್ತು. ಮಗ ಅದರ ಫೋಟೋ ತೆಗೆದಿಟ್ಟುಕೊಂಡಿದ್ದಾನೆ. ನನ್ನ ಹತ್ತಿರ ಏನಾದರೂ ಕೆಲಸ ಆಗಬೇಕಿದ್ದರೆ ಆ ಫೋಟೋ ಹೊರಗೆ ಬರುತ್ತದೆ.

ಸೈಕಲಿಗೆ ಬಿಡುವೇ ಇಲ್ಲ ಅನ್ನೋದೂ ನೆನಪಿರಲಿ. ಫೋರ್ಕಿನ ಕೆಳಗಿನ ಕಾಲುಗಳ ಎಣ್ಣೆ ಬದಲಿಸುವುದು ನಮ್ಮಲ್ಲಿ 50 ಗಂಟೆಗೊಮ್ಮೆ. ಒಬ್ಬರೇ ಓಡಿಸಿದರೆ ಅದು ಬಹಳ ದೂರದ ಮಾತು. ಇಬ್ಬರು ಓಡಿಸಿದರೆ ಬಂದೇ ಬಿಡುತ್ತದೆ. ಅದಕ್ಕೇ ಒಂದು ನೋಟ್ ಬುಕ್ ಇಟ್ಟಿದ್ದೇವೆ. ಯಾರು ಎಷ್ಟು ಗಂಟೆ, ಯಾವ ಸ್ಪ್ರಿಂಗ್, ಎಷ್ಟು ಪಿಎಸ್ಐ, ಎಷ್ಟು ಕ್ಲಿಕ್. ಅವನ ಕಡೆಯ ಪುಟದಲ್ಲಿ ಚೈನಿಗೆ ಎಣ್ಣೆ ಹಾಕಿದ ದಾಖಲೆ ಒಂದೂ ಇಲ್ಲ. ಕೇಳಿದರೆ, 2015ರಲ್ಲಿ ಆಸ್ಟ್ರಿಯಾದ ಲಿಯೋಗಾಂಗ್‌ನಲ್ಲಿ ಅಮೆರಿಕದ ಡೌನ್‌ಹಿಲ್ ರೇಸರ್ ಆರನ್ ಗ್ವಿನ್ ಶುರುವಿನಲ್ಲೇ ಚೈನ್ ತುಂಡಾಗಿ, ಚೈನೇ ಇಲ್ಲದೆ ವರ್ಲ್ಡ್ ಕಪ್ ರೇಸ್ ಗೆದ್ದದ್ದನ್ನು ಹೇಳುತ್ತಾನೆ. ನಿಜವೇ. ಆದರೆ ಅವರ ಚೈನಿಗೆ ಎಣ್ಣೆ ಹಾಕಿದ್ದರು ಕಣೋ ಅಂತ ನನ್ನ ಉತ್ತರ.

ಕ್ಲಿಕ್ ಅಂದೆನಲ್ಲ, ಅದು ಶಾಕ್‌ನ ಕೆಂಪು ನಾಬ್. ಅದುಮಿದ ಸ್ಪ್ರಿಂಗ್ ಎಷ್ಟು ಜೋರಾಗಿ ವಾಪಸ್ ಬರಬೇಕು ಅಂತ ಅದು ನೋಡಿಕೊಳ್ಳುತ್ತದೆ. ಗಡಸು ಸ್ಪ್ರಿಂಗ್ ಜೋರಾಗಿ ಚಿಮ್ಮುತ್ತದೆ, ಅದಕ್ಕೆ ನಾಬ್ ಜಾಸ್ತಿ ಮುಚ್ಚಿರಬೇಕು. ಪೂರ್ತಿ ಮುಚ್ಚಿ, ಅಲ್ಲಿಂದ ಎಣಿಸುತ್ತಾ ತೆರೆದರೆ ನನ್ನದು ಏಳು ಕ್ಲಿಕ್, ಅವನ 250ಕ್ಕೆ ಹತ್ತು. ಒಂದು ಮಧ್ಯಾಹ್ನ 300ರ ಸ್ಪ್ರಿಂಗ್ ಹಾಕಿದೆ, ನಾಬ್ ಅವನ ಹತ್ತರಲ್ಲೇ ಬಿಟ್ಟೆ. ಮೊದಲ ಜಂಪಿನ ತುದಿಯಲ್ಲಿ ಹಿಂದಿನ ಚಕ್ರ ಹೋರಿ ಒದ್ದ ಹಾಗೆ ಒದೆಯಿತು. ನಾನು ಒಂದು ಕಡೆ, ಸೈಕಲ್ ಒಂದು ಕಡೆ. ಎರಡು ವಾರ ಎಡಗೈ ಎತ್ತಿ ತಲೆ ಬಾಚಲಾಗಲಿಲ್ಲ. ತಪ್ಪು ನನ್ನದೇ. ಆದರೂ ಬಿದ್ದಲ್ಲಿಂದ ನಾನು ಬೈದದ್ದು ಬೋಲ್ಟನ್ನು.

ಆ ದಿನದ ನಂತರ ನೇಲ್ ಪಾಲಿಶ್ ಬಂತು. ಈ ಸೈಕಲಿನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಬ್ರೇಕ್ ಲಿವರ್ ಬೆರಳಿಗೆ ಎಷ್ಟು ಹತ್ತಿರ ಇರಬೇಕು ಅಂತ ಹೊಂದಿಸುವ ತಿರುಪು ಇದೆಯಲ್ಲ, ಅದರ ಮೇಲೆ ನನ್ನ ಜಾಗಕ್ಕೆ ಕೆಂಪು ಚುಕ್ಕೆ, ಅವನ ಜಾಗಕ್ಕೆ ವೈಟ್ನರ್ ಚುಕ್ಕೆ. ಹ್ಯಾಂಡಲ್ ಮೇಲೆ ಬ್ರೇಕ್ ಎಲ್ಲಿ ಕೂರಬೇಕು ಅನ್ನುವುದಕ್ಕೆ ಒಂದು ಕೆಂಪು ಗೆರೆ, ಒಂದು ಬಿಳಿ ಗೆರೆ. ಮೊದಮೊದಲು ಕೆಂಪು ಗೆರೆ ಹೊರಗೆ, ಬಿಳಿ ಒಳಗೆ ಇತ್ತು. ಅವನ ತೋಳು ಚಿಕ್ಕದು. ಆರು ತಿಂಗಳಿಗೊಮ್ಮೆ ಬಿಳಿ ಗೆರೆ ಹೊರಕ್ಕೆ ಸರಿಯಿತು. ಹಳೇ ಗೆರೆಗಳನ್ನು ನಾವು ಅಳಿಸಲಿಲ್ಲ. ಗೋಡೆಯ ಮೇಲೆ ಮಕ್ಕಳ ಎತ್ತರ ಗುರುತು ಹಾಕುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಹ್ಯಾಂಡಲ್ ಮೇಲಿದೆ.

ಎರಡನೇ ವರ್ಷ ಒಂದು ಅದೃಷ್ಟದ ಕಾಲ ಬಂತು. ಅವನು 60 ಕೆಜಿ, ನಾನು 62. ಒಂದೇ ಸ್ಪ್ರಿಂಗ್, ಏಳೇ ಕ್ಲಿಕ್, 50 ಪಿಎಸ್ಐ. ಬೋಲ್ಟ್ ಮುಟ್ಟುವ ಪ್ರಶ್ನೆಯೇ ಇಲ್ಲ. ಅವನು ಇಳಿದು ಬಂದು ಸೈಕಲ್ ಕೊಟ್ಟರೆ, ಹ್ಯಾಂಡಲಿನ ಬಿಸಿ ಆರುವ ಮೊದಲೇ ನಾನು ಮೇಲಕ್ಕೆ ಹೋಗುವ ಗಾಡಿಯಲ್ಲಿ. ಐದು ತಿಂಗಳು ಹಾಗೆ ನಡೆಯಿತು. ಆಗ ಯಾರಾದರೂ ಕೇಳಿದ್ದರೆ ಈ ಸೈಕಲಿಗೆ ಐದಕ್ಕೆ ಐದು ಕೊಡುತ್ತಿದ್ದೆ.

ಆಮೇಲೆ ಹುಡುಗ ಬೆಳೆದ. ಈಗ 176 ಸೆಂ.ಮೀ., 74 ಕೆಜಿ. 300ರ ಮೇಲೆ ನಿಂತರೆ 25 ಮಿ.ಮೀ. ಕುಸಿಯುತ್ತದೆ, ದೊಡ್ಡ ಜಂಪಿನಲ್ಲಿ ಶಾಕ್ ತಳ ಬಡಿಯುವ ಸದ್ದು ಕೆಳಗೆ ನಿಂತ ನನಗೂ ಕೇಳಿಸುತ್ತದೆ. 350ರ ಸ್ಪ್ರಿಂಗ್ ಬಂತು. ಅವನದು ಈಗ ಐದು ಕ್ಲಿಕ್. ಬೋಲ್ಟ್ ಮತ್ತೆ ಮನೆಗೆ ಬಂತು. ಮೀಡಿಯಂ ಸೈಜು ಕೂಡ ಅವನಿಗೆ ಸಾಲದಾಗುತ್ತಿದೆ.

ಹಾಗಾಗಿ ದೊಡ್ಡವರೂ ಬೆಳೆಯುವ ಮಗುವೂ ಹಂಚಿಕೊಳ್ಳಲು ಸೈಕಲ್ ನೋಡುತ್ತಿದ್ದರೆ, ಹಿಂದೆ ಗಾಳಿ ಶಾಕ್ ಇರುವುದನ್ನೇ ತಗೊಳ್ಳಿ. ಕಾಯಿಲ್‌ನ ಮೆತ್ತಗಿನ ಹಿಡಿತ ಚೆನ್ನ, ಒಪ್ಪುತ್ತೇನೆ. ಅದು ಒಬ್ಬರ ಸೈಕಲಿಗೆ. ಕಾಯಿಲ್‌ನದೇ ಸಿಕ್ಕಿತು, ಬೆಲೆ ಚೆನ್ನಾಗಿದೆ ಅಂದರೆ ಜೇಬಿನಲ್ಲಿ ಅಲೆನ್ ಕೀ ಇಟ್ಟುಕೊಂಡು ಹೋಗಿ. ಮಾರುವವರ ಎದುರೇ ಶಾಕ್ ಬಿಚ್ಚಿ ನೋಡುತ್ತೇನೆ ಅನ್ನಿ. ಅವರ ಮುಖ ಹೇಗಾಗುತ್ತದೆ ನೋಡಿದರೆ ಅರ್ಧ ಗೊತ್ತಾಗುತ್ತದೆ. ಇನ್ನೊಂದು, ಒಂದೇ ಸೈಕಲ್ ಅಂದರೆ ಒಬ್ಬರು ಇಳಿಯುವಾಗ ಇನ್ನೊಬ್ಬರು ಕಾಯಬೇಕು. ಜೊತೆಗೆ ಇಳಿಯಬಹುದು ಅಂತ ಕನಸು ಕಂಡು ಕೊಂಡವಳು ನಾನು. ಮೂರು ವರ್ಷದಲ್ಲಿ ಒಮ್ಮೆಯೂ ಅವನ ಹಿಂದೆ ಇಳಿದಿಲ್ಲ. ಐದಕ್ಕೆ ಮೂರು.

ಹೋದ ವಾರ ಬೆಳಿಗ್ಗೆ ಅವನದು ಮುಗಿಯಿತು. 350 ಇನ್ನೂ ಒಳಗೇ ಇತ್ತು. ಮೋಡ ಕಟ್ಟಿತ್ತು, ಇಪ್ಪತ್ತು ನಿಮಿಷ ಯಾರಿಗೆ ಬೇಕು ಅಂತ ಹಾಗೇ ಹತ್ತಿ ಹೋದೆ. ಬೇರು ಬೇರೂ ಎಣಿಸಿಕೊಂಡು ಕೆಳಗೆ ಬಂದೆ. ಮಗ ಟೂಲ್ ಬ್ಯಾಗ್ ಆಗಲೇ ಬಿಚ್ಚಿಟ್ಟಿದ್ದ. ನಾನು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಸೈಕಲ್ ತಲೆಕೆಳಗಾಗಿತ್ತು.

"ಬಿಡೋ, ಮಳೆ ಬರುತ್ತೆ."

"ಬರಲಿ ಬಿಡು" ಅಂದ. ಕಾಲು ಸುತ್ತು ತಿರುಗಿಸಿ, ಕೀ ತೆಗೆದು, ಮತ್ತೆ ತೂರಿಸಿದ. ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡ. 300 ಹಾಕಿ, ಕಾಲರ್ ಬಿಗಿ ಮಾಡಿ, ಕೆಂಪು ನಾಬ್ ಪೂರ್ತಿ ಮುಚ್ಚಿದ. ನೋಟ್ ಬುಕ್ ಬ್ಯಾಗಿನಲ್ಲೇ ಇತ್ತು.

"ನಿಂದು ಏಳು ತಾನೇ?" ಅಂತ ಕೇಳಿ ಎಣಿಸಲು ಶುರು ಮಾಡಿದ.