‘ಗುರು ಶಿಷ್ಯರು’ ಮತ್ತು ‘ಗಣೇಶನ ಮದುವೆ’: ವಿದ್ಯಾರ್ಥಿಗಳಿಗೆ ಯಾವುದನ್ನು ತೋರಿಸಬೇಕು?

ಹಳೆಯ ಹಾಸ್ಯಚಿತ್ರವೊಂದನ್ನು ಇಂದಿನ ವಿದ್ಯಾರ್ಥಿಗಳಿಗೆ ತೋರಿಸಬೇಕೆನ್ನುವ ಹುಬ್ಬಳ್ಳಿ-ಧಾರವಾಡದ ಸಿನಿಮಾಪ್ರಿಯರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಭಾರ್ಗವ ಅವರ ‘ಗುರು ಶಿಷ್ಯರು’ (1981) ಚಿತ್ರದಲ್ಲಿ ದ್ವಾರಕೀಶ್ ಮತ್ತು ಸಂಗಡಿಗರ ಪೆದ್ದುತನವೇ ಬಂಡವಾಳ. ಮಕ್ಕಳಿದ್ದ ಮನೆಗೆ ಅದೇ ಸರಿ.

ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಇನ್ನೂ ಸೂಕ್ಷ್ಮವಾದದ್ದು. ವಠಾರದಲ್ಲಿ ದಿನವೂ ಜಗಳವಾಡುವ ಬಾಡಿಗೆದಾರ ಗಣೇಶ ಮತ್ತು ಮಾಲೀಕ ರಮಣಮೂರ್ತಿಯ ಮಗಳು, ಪರಸ್ಪರರ ಗುರುತು ತಿಳಿಯದೆಯೇ ಪತ್ರಗಳಲ್ಲಿ ಪ್ರೀತಿಸುತ್ತಿರುವುದು ನೋಡುಗನಿಗೆ ಮಾತ್ರ ಗೊತ್ತಿರುವುದರಿಂದ, ಅವರ ಪ್ರತಿಯೊಂದು ಬೈಗುಳವೂ ನಗೆ ಉಕ್ಕಿಸುತ್ತದೆ. ಗಣೇಶನಾಗಿ ಅನಂತ್ ನಾಗ್ ಮತ್ತು ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು ಅವರ ಜಟಾಪಟಿಯಂತೂ ಅಪೂರ್ವ. ಮಾತಿನ ಧಾಟಿ ನಮ್ಮ ಕಡೆಯದಲ್ಲ, ಆದರೆ ಬಾಡಿಗೆ ಮನೆಯ ಕಿರಿಕಿರಿ ಧಾರವಾಡದವರಿಗೂ ಹೊಸದಲ್ಲ. ಒಂದನ್ನೇ ಆರಿಸಬೇಕಾದರೆ ನನ್ನ ಮತ ಇದಕ್ಕೇ.