ದೋಣಿ ಮೋಟಾರಿಗೆ ಪ್ಲಗ್ ಹಾಕಿಸುವ ಮೊದಲು ನಂಬರ್ ಪೂರ್ತಿ ಓದಿ

ದೋಣಿ ಮೋಟಾರ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಒಂದು ಸ್ಪಾರ್ಕ್ ಪ್ಲಗ್‌ನಿಂದ ನಮ್ಮ ಮೋಟಾರಿನ ಪಿಸ್ಟನ್ ತೂತಾಗಿದೆ. ಪ್ಲಗ್ ನಕಲಿ ಅಲ್ಲ, ಹಳೆಯದೂ ಅಲ್ಲ. ಎನ್‌ಜಿಕೆ ಕಂಪನಿಯ ಹೊಸ ಪ್ಲಗ್ಗೇ. ನಂಬರ್ ಮಾತ್ರ ಬೇರೆ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಸುತ್ತಮುತ್ತ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಮನೆಯಿಂದ ಹೊರಗೆ ಕರೆತಂದದ್ದು ನಿಮಗೂ ನೆನಪಿರಬೇಕು. ಅದಾದ ಮೇಲೆ ನಮ್ಮ ಲೇಔಟಿನವರೆಲ್ಲ ದುಡ್ಡು ಹಾಕಿ ಒಂದು ರಬ್ಬರ್ ದೋಣಿ ಕೊಂಡೆವು. ಅದಕ್ಕೆ 15 ಎಚ್‌ಪಿಯ ಎರಡು ಸಿಲಿಂಡರ್ ಟೂ-ಸ್ಟ್ರೋಕ್ ಮೋಟಾರ್. ಈ ಸಲ ಮಳೆಗಾಲಕ್ಕೆ ಮುಂಚೆ ಸರ್ವಿಸ್‌ಗೆ ಕೊಟ್ಟಾಗ ಮ್ಯಾನ್ಯುಯಲ್ಲನ್ನೂ ಜೊತೆಗೇ ಕೊಟ್ಟಿದ್ದೆವು. ಅದರಲ್ಲಿ ಪ್ಲಗ್ ನಂಬರ್ ಬಿ7ಎಚ್‌ಎಸ್-10 ಎಂದು ಸ್ಪಷ್ಟವಾಗಿದೆ. ಮೆಕ್ಯಾನಿಕ್ ಹಾಕಿದ್ದು ಬಿ5ಎಚ್‌ಎಸ್.

ಊರಾಚೆಯ ಕೆರೆಯಲ್ಲಿ ಅಭ್ಯಾಸಕ್ಕೆ ಇಳಿದೆವು. ನಿಧಾನಕ್ಕೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಫುಲ್ ಥ್ರಾಟಲ್ ಕೊಟ್ಟ ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು, ಎಳೆತ ಇಳಿಯಿತು, ಮೋಟಾರ್ ನಿಂತೇಹೋಯಿತು. ಹುಟ್ಟು ಹಾಕಿಕೊಂಡು ದಡ ಸೇರಿದೆವು. ನೆರೆಯ ನೀರಿನಲ್ಲಿ, ವಯಸ್ಸಾದವರನ್ನು ಕೂರಿಸಿಕೊಂಡಾಗ ಹೀಗಾಗಿದ್ದರೆ? ಅದನ್ನು ನೆನೆದರೆ ಈಗಲೂ ಕೋಪ ಬರುತ್ತದೆ.

ಕೇಳಿದರೆ ಮೆಕ್ಯಾನಿಕ್ ಹೇಳಿದ್ದು: "ಸರ್, ಟೂ-ಸ್ಟ್ರೋಕ್ ಬಿಸಿ ಜಾಸ್ತಿ ಅಂತ ಕೋಲ್ಡ್ ಪ್ಲಗ್ಗೇ ಹಾಕಿದ್ದು. ನಂಬರ್ ಕಮ್ಮಿ ಇದೆ ನೋಡಿ."

ಇಲ್ಲೇ ಇರುವುದು ಅಪಾಯ. ತುದಿಯ ಬಿಸಿಯನ್ನು ಬೇಗ ಹೊರಗೆ ಬಿಡುವುದು ಕೋಲ್ಡ್ ಪ್ಲಗ್, ಹಿಡಿದಿಟ್ಟುಕೊಳ್ಳುವುದು ಹಾಟ್ ಪ್ಲಗ್. ಅದನ್ನು ಹೇಳುವುದು ಪ್ಲಗ್ ಹೆಸರಿನ ನಡುವಿನ ಅಂಕಿ. ಬೆಂಗಳೂರಿನ ಹಳೆಯ ಮೆಕ್ಯಾನಿಕ್‌ಗಳಿಗೆ ಪ್ಲಗ್ ಅಂದರೆ ಆಡುಗೋಡಿಯ ಮೈಕೋ ಪ್ಲಗ್, ಅಂದರೆ ಈಗಿನ ಬಾಷ್. ಬಾಷ್‌ನ ಈಗಿನ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ಹಾಟ್. ಚಾಂಪಿಯನ್ ಕಂಪನಿಯದೂ ಹಾಗೆಯೇ. ಎನ್‌ಜಿಕೆಯಲ್ಲಿ ಪೂರಾ ಉಲ್ಟಾ: ನಂಬರ್ ದೊಡ್ಡದಾದಷ್ಟೂ ಕೋಲ್ಡ್. ಹಾಗಾಗಿ ಏಳರ ಜಾಗಕ್ಕೆ ಐದು ಹಾಕಿದರೆ ಎರಡು ಮೆಟ್ಟಿಲು ಹಾಟ್ ಕಡೆಗೆ ಹೋದಂತೆ. ಒಂದೊಂದು ಮೆಟ್ಟಿಲಿಗೂ ಪ್ಲಗ್ ತುದಿಯ ಬಿಸಿ ಸುಮಾರು 70ರಿಂದ 100 ಡಿಗ್ರಿ ಸೆಲ್ಸಿಯಸ್ ಬದಲಾಗುತ್ತದೆ. ತುದಿ 850 ಡಿಗ್ರಿ ದಾಟಿ ಕೆಂಡವಾದರೆ, ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಆಗ ಪೆಟ್ಟು ತಿನ್ನುವುದು ಪಿಸ್ಟನ್ ತಲೆ.

ಬೈಕಿನಲ್ಲಿ ಇದೇ ತಪ್ಪು ಬೇಗ ಗೊತ್ತಾಗದೆ ಇರಬಹುದು. ಸಿಗ್ನಲ್, ಇಳಿಜಾರು, ಹಂಪ್ ಅಂತ ಎಂಜಿನ್‌ಗೆ ಬಿಡುವು ಸಿಗುತ್ತದೆ. ದೋಣಿ ಮೋಟಾರಿನ ಕೆಲಸ ನಿಲ್ಲದೆ ಘಾಟಿ ಹತ್ತಿದ ಹಾಗೆ. ನೀರನ್ನು ತಳ್ಳುತ್ತಲೇ ಇರಬೇಕು. ಸುತ್ತ ತಣ್ಣೀರು ಇದ್ದ ಮಾತ್ರಕ್ಕೆ ಪ್ಲಗ್ ತುದಿ ತಣ್ಣಗಿರುವುದಿಲ್ಲ.

ಅಕ್ಷರಗಳ ಮೇಲೂ ಕಣ್ಣಿಡಿ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಂಥ ಕಡೆ ಬಿ7ಎಚ್‌ಎಸ್ ಇಲ್ಲದಿದ್ದಾಗ "ಬಿ7ಇಎಸ್ ಇದೆ, ಇದೂ ಕೂರುತ್ತೆ" ಎನ್ನುವವರು ಸಿಗಬಹುದು. ಕೂರುತ್ತದೆ ನಿಜ, ಎರಡರದ್ದೂ 14 ಮಿಲಿಮೀಟರ್ ದಪ್ಪದ ಮರೆಯೇ (ತಿರುಗಿಸಿ ಕೂರಿಸುವ ಥ್ರೆಡ್). ಆದರೆ ಎಚ್ ಇದ್ದರೆ ಮರೆಯ ಉದ್ದ 12.7 ಮಿಲಿಮೀಟರ್, ಇ ಇದ್ದರೆ 19. ಹೆಚ್ಚಿನ ಉದ್ದ ಸಿಲಿಂಡರ್ ಒಳಗೆ ಚಾಚಿಕೊಂಡು ಪಿಸ್ಟನ್‌ಗೇ ತಗುಲಬಹುದು. ಕೊನೆಯ 10 ಅಂದರೆ ಕಿಡಿ ಹಾರುವ ಗ್ಯಾಪ್ 1.0 ಮಿಲಿಮೀಟರ್. ನಡುವೆ ಆರ್ ಇದ್ದರೆ ರೆಸಿಸ್ಟರ್ ಪ್ಲಗ್, ಅಂದರೆ ಒಳಗೆ ವಿದ್ಯುತ್ ತಡೆ ಇರುವ ಪ್ಲಗ್. ಮ್ಯಾನ್ಯುಯಲ್ ಅದನ್ನು ಕೇಳಿದ್ದರೆ ಅದನ್ನೇ ಹಾಕಿ.

ನಕಲಿ ಪ್ಲಗ್‌ಗಳೂ ಇವೆ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಪ್ಲಗ್ ಹಾಕುವಾಗ ಮುಂದೆ ನಿಂತು ಡಬ್ಬಿಯ ಮೇಲಿನದಲ್ಲ, ಪ್ಲಗ್ ಮೇಲಿನ ನಂಬರನ್ನೇ ಮ್ಯಾನ್ಯುಯಲ್ ಜೊತೆ ಹೋಲಿಸಿ. ಮೆಕ್ಯಾನಿಕ್‌ಗೆ ಬೇಜಾರಾದರೂ ಪರವಾಗಿಲ್ಲ. ಹೊಸ ಪ್ಲಗ್ ಹಾಕಿ ದಡದ ಹತ್ತಿರವೇ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ, ಆರಿದ ಮೇಲೆ ಬಿಚ್ಚಿ ನೋಡಿ. ತುದಿಯ ಪಿಂಗಾಣಿ ತಿಳಿ ಕಂದು ಇದ್ದರೆ ಸರಿ. ಸುಣ್ಣದಂತೆ ಬೆಳ್ಳಗಾಗಿ ಮೇಲೆ ಸಣ್ಣ ಹರಳು ಅಂಟಿದ್ದರೆ ಮೋಟಾರನ್ನು ಮತ್ತೆ ಸ್ಟಾರ್ಟ್ ಮಾಡಲೇಬೇಡಿ.