ಜೆಸ್ಟೋರ್, ಎಬ್ಸ್ಕೊ, ಶೋಧಗಂಗಾ: ಪತ್ರಿಕೋದ್ಯಮದ ಪ್ರಬಂಧಕ್ಕೆ ಯಾವುದು?

ಮೂರೂ ಸಂಶೋಧನಾ ಬರಹಗಳನ್ನು ಹುಡುಕಿ ಓದುವ ಆನ್‌ಲೈನ್ ತಾಣಗಳು. ಮೊದಲು ಖರ್ಚು ನೋಡಿ. ಭಾರತದ ಪಿಎಚ್‌.ಡಿ. ಪ್ರಬಂಧಗಳ ಸಂಗ್ರಹವಾದ ಶೋಧಗಂಗಾ ಪೂರ್ತಿ ಉಚಿತ. ವಿದ್ವತ್ ನಿಯತಕಾಲಿಕೆಗಳ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಸ್ವಂತ ಉಚಿತ ಖಾತೆ ತೆರೆದರೆ 30 ದಿನಕ್ಕೆ 100 ಲೇಖನಗಳನ್ನು ಪರದೆಯ ಮೇಲೆ ಓದಬಹುದು. ಎಬ್ಸ್ಕೊದ ‘ಕಮ್ಯುನಿಕೇಷನ್ ಅಂಡ್ ಮಾಸ್ ಮೀಡಿಯಾ ಕಂಪ್ಲೀಟ್’ ಎಂಬ ಲೇಖನ ಸಂಗ್ರಹ ಬೇಕಿದ್ದರೆ ಗ್ರಂಥಾಲಯವೇ ಚಂದಾ ಕಟ್ಟಿರಬೇಕು. ಮಾಧ್ಯಮ ಅಧ್ಯಯನಕ್ಕೆಂದೇ ಇರುವುದು ಇವುಗಳಲ್ಲಿ ಅದೊಂದೇ.

ಜೆಸ್ಟೋರ್‌ನಲ್ಲಿ ಅನೇಕ ನಿಯತಕಾಲಿಕೆಗಳ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆಗಳು ಇರುವುದಿಲ್ಲ. ವಾಟ್ಸ್‌ಆ್ಯಪ್ ವದಂತಿಗಳ ಬಗ್ಗೆ ಬರೆಯುವವರಿಗೆ ಇದು ದೊಡ್ಡ ಕೊರತೆ. 1975ರ ತುರ್ತುಪರಿಸ್ಥಿತಿಯ ಸೆನ್ಸಾರನ್ನು ವಿಷಯವಾಗಿ ಎತ್ತಿಕೊಂಡವರಿಗೆ ಈ ಕೊರತೆ ಲೆಕ್ಕಕ್ಕೇ ಇಲ್ಲ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಹಳೆಯ ಸಂಚಿಕೆಗಳು ಅಲ್ಲೇ ಇವೆ.

ಕನ್ನಡ ಪತ್ರಿಕೆಗಳೇ ವಿಷಯವೆಂದರೆ ಶೋಧಗಂಗಾ ಬಿಟ್ಟು ಗತಿಯಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಅಧ್ಯಾಯವಾರು ಪಿಡಿಎಫ್‌ಗಳಾಗಿ ಸಿಗುತ್ತವೆ. ಗುಣಮಟ್ಟ ಮಾತ್ರ ಏರುಪೇರು. ನಾನಂತೂ ಮೊದಲು ತೆರೆಯುವುದು ಗ್ರಂಥಸೂಚಿಯ ಕಡತವನ್ನು. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಹುಡುಕಿ.